ಸರ್ವರ್ ಇಲ್ಲ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನಮ್ಮ ತೆಂಗಿನ ಸೀಮೆಯಲ್ಲಿ ಈಚಿನ ವರ್ಷಗಳಲ್ಲಿ ಅತ್ಯಂತ ಹೆಚ್ಚಾಗಿ ಕಿವಿಗೆ ಬೀಳುವ ಕಿರುವಾಕ್ಯ ಯಾವುದೆಂದು ಯಾರಾದರೂ ಕೇಳಿದರೆ, "ಮಳೆ ಇಲ್ಲ" ಎಂಬುದನ್ನು ಎರಡನೆಯ ಸ್ಥಾನಕ್ಕೆ ಸರಿಸಿ "ಸರ್ವರ್ ಇಲ್ಲ" ಎಂಬುದನ್ನೇ ಮೊದಲು ಹೇಳಬೇಕಾದೀತು. ಪಹಣಿಗೆ ಹೋದವನಿಗೂ, ಪಡಿತರಕ್ಕೆ ಹೋದವಳಿಗೂ, ಮಗನ ಆದಾಯ ಪ್ರಮಾಣಪತ್ರಕ್ಕಾಗಿ ಅರ್ಜಿ ಹಿಡಿದು ನಿಂತವನಿಗೂ ಕಿಟಕಿಯ ಆಚೆಯಿಂದ ದೊರೆಯುವ ಉತ್ತರ ಅದೊಂದೇ. ಒಮ್ಮೆ ಒಂದು ಸೇವಾಕೇಂದ್ರದಲ್ಲಿ ಈ ಮಾತನ್ನು ಕೇಳಿದ ವೃದ್ಧರೊಬ್ಬರು ಹೆಗಲಮೇಲಿನ ವಸ್ತ್ರವನ್ನು ಸರಿಪಡಿಸಿಕೊಂಡು, "ಅಲ್ಲ ಕಣಪ್ಪಾ, ಮೂರು ದಿನದಿಂದ ಬತ್ತಾ ಇವ್ನಿ, ಇಲ್ಲ ಇಲ್ಲ ಅಂತೀಯ. ಅವರು ಯಾವೂರಿಗೆ ಹೋಗವ್ರೆ? ಯಾವತ್ತು ಬತ್ತಾರೆ ಅಂತನಾದ್ರೂ ಹೇಳು" ಎಂದರು. ಸಾಲಿನಲ್ಲಿದ್ದವರು ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಯೋಚಿಸಿದಾಗ, ನಮ್ಮ ನಗೆಗಿಂತ ಆ ಹಿರಿಯರ ಪ್ರಶ್ನೆಯೇ ಹೆಚ್ಚು ವಿವೇಕದ್ದೆಂದು ತೋರಿತು. ಇಲ್ಲದಿರುವುದು ಯಾವುದು? ಅದು ಇರುವ ಊರು ಯಾವುದು? ಅದನ್ನು ನೋಡಿಕೊಳ್ಳುವವರು ಯಾರು? ಅದು ಮರಳಿ ಬರುವುದೆಂದಿಗೆ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಪಡೆಯುವ ಹಕ್ಕು ಪ್ರಜೆಗೆ ಇದೆಯೆ ಇಲ್ಲವೆ ಎಂಬುದೇ ಈ ಲೇಖನದ ವಿಚಾರ.

ಹಿಂದೆ ಹೊಲದ ಲೆಕ್ಕ ಶಾನುಭೋಗರ ಕಡತದಲ್ಲಿತ್ತು. ಅನಂತರ ಗ್ರಾಮಲೆಕ್ಕಿಗರ ಚೀಲದಲ್ಲಿತ್ತು. ಕಡತ ಸಿಗಬೇಕಾದರೆ ಲೆಕ್ಕಿಗರು ಸಿಗಬೇಕು; ಲೆಕ್ಕಿಗರು ಸಿಗಬೇಕಾದರೆ ಅವರ ಮನಸ್ಸು ಪ್ರಸನ್ನವಾಗಿರಬೇಕು. ಈ ಕಷ್ಟವನ್ನು ಪರಿಹರಿಸಲೆಂದು ಬಂದದ್ದು ಕರ್ನಾಟಕದ 'ಭೂಮಿ' ಯೋಜನೆ. ೨೦೦೧ರ ಹೊತ್ತಿಗೆ ಸುಮಾರು ೬೭ ಲಕ್ಷ ಹಿಡುವಳಿದಾರರಿಗೆ ಸೇರಿದ ೨ ಕೋಟಿಯಷ್ಟು ಪಹಣಿಗಳು ಗಣಕಯಂತ್ರಕ್ಕೆ ಏರಿದುವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ೧೫ ರೂಪಾಯಿ ಕೊಟ್ಟವನಿಗೆ ನಿಂತ ಹೆಜ್ಜೆಯಲ್ಲೇ ಅಚ್ಚಾದ ಪಹಣಿ ದೊರೆಯಿತು. ದೇಶವಿದೇಶಗಳಿಂದ ಜನ ಬಂದು ನೋಡಿಹೋದ ಸುಧಾರಣೆ ಅದು. ಅದರ ಹಿರಿಮೆಯನ್ನು ಕಡಿಮೆ ಮಾಡಿ ಹೇಳುವುದು ಕೃತಘ್ನತೆಯಾಗುತ್ತದೆ. ಆದರೆ ಅಂದು ನಡೆದ ಇನ್ನೊಂದು ಸಂಗತಿಯನ್ನು ನಾವು ಅಷ್ಟಾಗಿ ಗಮನಿಸಲಿಲ್ಲ. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಯಂತ್ರ ಕೊಟ್ಟದ್ದೇ ಪಹಣಿ. ಯಂತ್ರ ಕೊಡದಿದ್ದರೆ ಪಹಣಿಯೇ ಇಲ್ಲ. ಅಲ್ಲಿಂದ ಮುಂದೆ ಯಂತ್ರದ ಆರೋಗ್ಯವೆಂಬುದು ರೈತನ ಹಕ್ಕಿನ ಆರೋಗ್ಯವೇ ಆಯಿತು.

ಮೊದಲು ಈ ಯಂತ್ರಗಳು ತಾಲ್ಲೂಕು ಕಚೇರಿಗಳಲ್ಲಿಯೇ ಇದ್ದುವು. ಬರಬರುತ್ತ ಸರಕಾರದ ಕೆಲಸಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಂಥ ದೊಡ್ಡ ಮನೆಗಳಿಗೆ ಸ್ಥಳಾಂತರ ಹೊಂದಿದುವು. ಇದಕ್ಕೆ ಕಾರಣವಿಲ್ಲದಿಲ್ಲ. ತಾಲ್ಲೂಕಿನ ಕೊಠಡಿಯಲ್ಲಿ ವಿದ್ಯುತ್ತು ಹೋಗುತ್ತಿತ್ತು, ಸೆಕೆಯಿತ್ತು, ಧೂಳಿತ್ತು, ಕೆಟ್ಟರೆ ನೋಡುವ ತಜ್ಞನಿರಲಿಲ್ಲ. ದತ್ತಾಂಶ ಕೇಂದ್ರದಲ್ಲಾದರೋ ಹಗಲಿರುಳೂ ತಂಪುಗಾಳಿ, ಬ್ಯಾಟರಿಗಳ ಸಾಲು, ಅದರ ಹಿಂದೆ ಡೀಸೆಲ್ ಯಂತ್ರ, ಕಾವಲು, ಪರಿಣತರು. ಪ್ರತಿ ಮನೆಯಲ್ಲೂ ಒಂದೊಂದು ಕಿರುಬಾವಿ ತೋಡುವ ಬದಲು ಊರಿಗೆಲ್ಲ ಒಂದು ಕೆರೆ ಕಟ್ಟಿದಂತೆ ಎನ್ನಬಹುದು.

ಕೆರೆಯ ಮಾತು ಬಂದುದರಿಂದ ಆ ಮನೆಯೊಳಗಿನ ವ್ಯವಸ್ಥೆಯನ್ನು ಆ ಹೋಲಿಕೆಯಿಂದಲೇ ವಿವರಿಸುತ್ತೇನೆ. ಅಲ್ಲಿ ಕಬ್ಬಿಣದ ಚೌಕಟ್ಟುಗಳಲ್ಲಿ ಜೋಡಿಸಿಟ್ಟಿರುವ, ಕೈಯಿಂದ ಮುಟ್ಟಬಹುದಾದ ಯಂತ್ರಗಳು ಭೌತಿಕ ಸರ್ವರ್‌ಗಳು. ಒಂದು ಕೆಲಸಕ್ಕೆ ಒಂದು ಯಂತ್ರವೆಂದು ಇಟ್ಟರೆ ಅದರ ಶಕ್ತಿಯ ಬಹುಭಾಗ ದಿನವೆಲ್ಲ ಸುಮ್ಮನೆ ಬಿದ್ದಿರುತ್ತದೆ. ಆದ್ದರಿಂದ ಒಂದೇ ಯಂತ್ರದೊಳಗೆ ಹಲವು ಯಂತ್ರಗಳು ಇರುವಂತೆ ತೋರಿಸುವ ಉಪಾಯವನ್ನು ಐಬಿಎಂ ಸಂಸ್ಥೆಯವರು ೧೯೬೦ರ ದಶಕದಲ್ಲಿ ಸಾಧಿಸಿ, ೧೯೭೨ರಲ್ಲಿ ಮಾರಾಟಕ್ಕೆ ತಂದರು. ೧೯೯೮ರಲ್ಲಿ ಸ್ಥಾಪಿತವಾದ ವಿಎಂವೇರ್ ಸಂಸ್ಥೆ ಅದನ್ನು ಅಗ್ಗದ ಸಾಮಾನ್ಯ ಯಂತ್ರಗಳಿಗೂ ಇಳಿಸಿತು. ಹೀಗೆ ಹುಟ್ಟಿದವು ವರ್ಚುವಲ್ ಸರ್ವರ್‌ಗಳು. ಇವನ್ನು 'ಮಿಥ್ಯಾ' ಎಂಬ ಮಾತಿನಿಂದ ಕನ್ನಡಿಸುವವರಿದ್ದಾರೆ. ಅದು ಅಷ್ಟು ಸಮಂಜಸವಲ್ಲ. ನಮ್ಮ ವೇದಾಂತಿಗಳ ಪರಿಭಾಷೆಯಲ್ಲಿ ಹೇಳುವುದಾದರೆ ಇವು ವ್ಯಾವಹಾರಿಕ ಸತ್ಯಗಳು. ಬಳಸುವವನಿಗೆ ಅವು ಪೂರ್ಣ ನಿಜ. ಆಧಾರವಾದ ಕಬ್ಬಿಣ ಕುಸಿದ ದಿನ ಮಾತ್ರ ಅವುಗಳ ನಿಜಸ್ಥಿತಿ ತಿಳಿಯುತ್ತದೆ.

ಒಂದು ಕೆರೆಯ ನೀರನ್ನು ನೂರು ಗದ್ದೆಗಳಿಗೆ ಸರದಿಯಿಂದ ಬಿಡುತ್ತಿದ್ದ ನೀರಗಂಟಿಯ ಕೆಲಸವನ್ನು ಇಲ್ಲಿ ಹೈಪರ್‌ವೈಸರ್ ಎಂಬ ತಂತ್ರಾಂಶ ಮಾಡುತ್ತದೆ. ಯಾವ ವರ್ಚುವಲ್ ಸರ್ವರಿಗೆ ಎಷ್ಟು ಹೊತ್ತು, ಎಷ್ಟು ಸ್ಮೃತಿ ಎಂಬುದನ್ನು ಅದೇ ನಿರ್ಧರಿಸುತ್ತದೆ. ಒಂದು ಭೌತಿಕ ಯಂತ್ರಕ್ಕೆ ದುರಸ್ತಿಯಾಗಬೇಕಾದಾಗ ಅದರ ಮೇಲಿನ ಕೆಲಸಗಳನ್ನು ನಿಲ್ಲಿಸದೆಯೇ ಪಕ್ಕದ ಯಂತ್ರಕ್ಕೆ ಸಾಗಿಸುವ ಚಾತುರ್ಯವೂ ಅದಕ್ಕುಂಟು. ಆದರೆ ನೀರಗಂಟಿಗೆ ಒಂದು ಆಸೆಯೂ ಉಂಟು. ಎಲ್ಲರೂ ಒಂದೇ ದಿನ ನೀರು ಕೇಳಲಾರರೆಂಬ ಲೆಕ್ಕದ ಮೇಲೆ, ಕೆರೆಯಲ್ಲಿರುವುದಕ್ಕಿಂತ ಹೆಚ್ಚು ನೀರಿನ ಭರವಸೆಯನ್ನು ಹಂಚಿಬಿಡುವುದು. ಸಾಮಾನ್ಯ ದಿನಗಳಲ್ಲಿ ಈ ಲೆಕ್ಕ ನಡೆಯುತ್ತದೆ. ಎಲ್ಲ ಗದ್ದೆಗಳೂ ಒಮ್ಮೆಗೇ ಬಾಯಾರಿದ ದಿನ ತೂಬಿನ ಮುಂದೆ ಜಗಳವಾಗುತ್ತದೆ. ಪರಿಣತನಾದ ನಿರ್ವಾಹಕ ಈ ಮಿತಿಯನ್ನು ಬಲ್ಲ; ಬರಲಿರುವ ಜಾತ್ರೆಯ ದಿನವನ್ನು ಮಾತ್ರ ಅವನಿಗೆ ಮೊದಲೇ ತಿಳಿಸಬೇಕು.

ನಮ್ಮ ರಾಜ್ಯದಲ್ಲಿ ಜಾತ್ರೆಯ ದಿನಗಳಿಗೇನೂ ಕೊರತೆಯಿಲ್ಲ. ೨೦೨೩ರ ಜೂನ್ ೧೮ರಂದು ಗೃಹಜ್ಯೋತಿ ಯೋಜನೆಯ ನೋಂದಣಿ ಸೇವಾಸಿಂಧುವಿನಲ್ಲಿ ಆರಂಭವಾದಾಗ, ಲಕ್ಷಾಂತರ ಜನ ಒಮ್ಮೆಗೇ ಬಾಗಿಲು ತಟ್ಟಿ, ಬಾಗಿಲು ತೆರೆಯಲಾರದಾಯಿತು. ಅಲ್ಲಿ ನೋಂದಣಿ ಇಂದಲ್ಲದಿದ್ದರೆ ನಾಳೆ ಆಗುತ್ತಿತ್ತು; ತಡವಾದುದರಿಂದ ದೊಡ್ಡ ಹಾನಿಯಿಲ್ಲ. ಆದರೆ ೨೦೨೪ರಲ್ಲಿ ನಮ್ಮ ಕೊಬ್ಬರಿಯ ವಿಚಾರ ಹಾಗಿರಲಿಲ್ಲ. ಉಂಡೆ ಕೊಬ್ಬರಿಗೆ ಕೇಂದ್ರ ಸರಕಾರದ ಬೆಂಬಲ ಬೆಲೆ ಆ ವರ್ಷ ಕ್ವಿಂಟಲಿಗೆ ೧೨,೦೦೦ ರೂಪಾಯಿ. ಪೇಟೆಯ ದರ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. ನಾಫೆಡ್ ಕೊಳ್ಳಬೇಕಾದ ಕೊಬ್ಬರಿಗೆ ಮಿತಿಯಿತ್ತು. ಮೊದಲು ನೋಂದಾಯಿಸಿಕೊಂಡವನಿಗೆ ಮೊದಲ ಅವಕಾಶ. ಫೆಬ್ರವರಿಯಲ್ಲಿ ನಡೆದ ನೋಂದಣಿಯಲ್ಲಿ ಅಕ್ರಮ ನಡೆದಿದೆಯೆಂಬ ದೂರು ಎದ್ದು, ಅದನ್ನು ರದ್ದುಪಡಿಸಿ ಮಾರ್ಚಿಯಲ್ಲಿ ಬೆರಳಚ್ಚು ಪಡೆದು ಹೊಸದಾಗಿ ನೋಂದಾಯಿಸಬೇಕಾಯಿತು.

ಇಲ್ಲಿ ತಡವೆಂಬುದರ ಬೆಲೆಯನ್ನು ಲೆಕ್ಕ ಹಾಕಬಹುದು. ಬೆಂಬಲ ಬೆಲೆಗೂ ಪೇಟೆಯ ದರಕ್ಕೂ ಕ್ವಿಂಟಲಿಗೆ ೩,೦೦೦ ರೂಪಾಯಿ ಅಂತರವೆಂದು ಇಟ್ಟುಕೊಳ್ಳೋಣ. ೧೦ ಕ್ವಿಂಟಲ್ ಕೊಬ್ಬರಿಯುಳ್ಳ ಸಣ್ಣ ರೈತನಿಗೆ ಅದು ೩೦,೦೦೦ ರೂಪಾಯಿ. ಎಂಟು ಹತ್ತು ತಿಂಗಳು ಅಟ್ಟದ ಮೇಲೆ ಕಾಯಿ ಒಣಗಿಸಿ, ಸುಲಿದು, ಒಡೆದು, ಮೂಟೆ ಕಟ್ಟಿದ ಮನುಷ್ಯನು ಕಿಟಕಿಯ ಮುಂದೆ ಎರಡು ಗಂಟೆ ಯಂತ್ರ ಸ್ತಬ್ಧವಾದುದರಿಂದ ಆ ಹಣವನ್ನು ಕಳೆದುಕೊಂಡರೆ, ಅದನ್ನು ತಾಂತ್ರಿಕ ತೊಂದರೆಯೆಂದು ಕರೆದು ಕೈತೊಳೆದುಕೊಳ್ಳುವುದು ನ್ಯಾಯವೆ? ೨೦೨೫ರಲ್ಲಿ ಪೇಟೆಯ ದರ ಬೆಂಬಲ ಬೆಲೆಯ ಇಮ್ಮಡಿಯನ್ನೂ ಮೀರಿ ಏರಿದುದರಿಂದ ಈ ನೋವು ಮರೆತಂತಾಯಿತು. ತೆಂಗಿನ ಬೆಲೆಯನ್ನು ಬಲ್ಲ ನಮ್ಮವರಿಗೆ ಏರಿದ್ದು ಇಳಿಯುವುದೆಂಬುದನ್ನು ಹೇಳಿಕೊಡಬೇಕಾಗಿಲ್ಲ.

ಇನ್ನು "ಇಲ್ಲ" ಎಂಬ ಪದದ ಅರ್ಥವನ್ನು ನೋಡೋಣ. ಊರಿನ ತಂತಿ ಕಡಿದಿದ್ದರೂ ಸರ್ವರ್ ಇಲ್ಲ. ಕಚೇರಿಯ ಗಣಕ ಕೆಟ್ಟಿದ್ದರೂ ಸರ್ವರ್ ಇಲ್ಲ. ಬೆಂಗಳೂರಿನ ವರ್ಚುವಲ್ ಸರ್ವರಿಗೆ ಸ್ಮೃತಿ ಸಾಲದೆ ಹೋದರೂ, ಅದರ ಹಿಂದಿನ ದತ್ತಾಂಶ ಭಂಡಾರ ಮಂದವಾದರೂ ಅದೇ ಮಾತು. ಬೆರಳಚ್ಚನ್ನು ತಾಳೆ ನೋಡುವ ಆಧಾರ್ ವ್ಯವಸ್ಥೆ ಬೇರೊಂದು ಕಡೆ ಇದೆ. ಅಲ್ಲಿಂದ ಉತ್ತರ ಬರದಿದ್ದರೂ ಅದೇ. ಕಾಯಿ ಸುಲಿದು ಸುಲಿದು ಬೆರಳ ಗೆರೆ ಸವೆದವನ ಗುರುತು ಯಂತ್ರಕ್ಕೆ ಹತ್ತದಿದ್ದರೆ ಅದಕ್ಕೂ ಹಲವೊಮ್ಮೆ ಅದೇ ಹೆಸರು! ೨೦೨೫ರ ಆರಂಭದಲ್ಲಿ ಆಸ್ತಿ ನೋಂದಣಿಯ 'ಕಾವೇರಿ ೨.೦' ವ್ಯವಸ್ಥೆ ದಿನಗಟ್ಟಲೆ ತೊಡರಿದಾಗ ಕಾರಣ ಇವಾವುವೂ ಆಗಿರಲಿಲ್ಲ. ಯಾರೋ ದುರುದ್ದೇಶದಿಂದ ಸುಳ್ಳು ಕೋರಿಕೆಗಳ ಪ್ರವಾಹವನ್ನೇ ಹರಿಸಿ ನಿಜವಾದ ಅರ್ಜಿದಾರರಿಗೆ ದಾರಿಯಿಲ್ಲದಂತೆ ಮಾಡಿದ್ದರೆಂದು ಸರಕಾರವೇ ತಿಳಿಸಿತು. ಇಷ್ಟು ಬೇರೆ ಬೇರೆ ರೋಗಗಳಿಗೆ ಒಂದೇ ಹೆಸರಿಟ್ಟಿರುವ ವೈದ್ಯನನ್ನು ನಾವು ನಂಬುವುದಿಲ್ಲ. ಕಚೇರಿಯನ್ನು ಮಾತ್ರ ನಂಬಿ ಮನೆಗೆ ಮರಳುತ್ತೇವೆ.

ಎಲ್ಲವನ್ನೂ ಒಂದೆಡೆ ಕೂಡಿಸುವುದರಲ್ಲಿ ಇದಕ್ಕಿಂತ ದೊಡ್ಡ ಭಯವೊಂದಿದೆ. ೨೦೨೫ರ ಸೆಪ್ಟೆಂಬರ್ ೨೬ರಂದು ದಕ್ಷಿಣ ಕೊರಿಯಾದ ದೇಜಾನ್ ನಗರದ ಸರಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗಳಿಗೆ ಬೆಂಕಿ ಹತ್ತಿತು. ೭೦೯ ಸರಕಾರಿ ವ್ಯವಸ್ಥೆಗಳು ನಿಂತುಹೋದುವು. ಅವುಗಳಲ್ಲಿ ೯೬ ನೇರವಾಗಿ ಸುಟ್ಟುಹೋದುವು. ಸರಕಾರಿ ನೌಕರರು ತಮ್ಮ ಕಡತಗಳನ್ನು ಇರಿಸುತ್ತಿದ್ದ ಒಂದು ಭಂಡಾರಕ್ಕೆ ಬೇರೆಡೆ ಪ್ರತಿಯೇ ಇರಲಿಲ್ಲವಾಗಿ ಅದು ಶಾಶ್ವತವಾಗಿ ನಷ್ಟವಾಯಿತು. ಗಣಕವಿದ್ಯೆಯಲ್ಲಿ ಜಗತ್ತಿಗೆ ಮೇಲ್ಪಂಕ್ತಿಯಾದ ದೇಶದ ಕಥೆ ಇದು. ವರ್ಚುವಲ್ ಸರ್ವರುಗಳನ್ನು ಯಂತ್ರದಿಂದ ಯಂತ್ರಕ್ಕೆ ಎಷ್ಟೇ ಜಾಣತನದಿಂದ ಸಾಗಿಸಿದರೂ, ಎಲ್ಲ ಯಂತ್ರಗಳೂ ಒಂದೇ ಸೂರಿನಡಿ ಇದ್ದರೆ ಬೆಂಕಿಗೆ ಆ ಜಾಣತನ ತಿಳಿಯುವುದಿಲ್ಲ. ಕೊಬ್ಬರಿಯ ಅಟ್ಟಕ್ಕೆ ಬೆಂಕಿ ಬಿದ್ದರೆ ಏನಾಗುವುದೆಂಬುದನ್ನು ನಮ್ಮ ಸೀಮೆಯವರು ಚೆನ್ನಾಗಿ ಬಲ್ಲರು; ಅದೇ ಅಟ್ಟದ ಇನ್ನೊಂದು ಮೂಲೆಯಲ್ಲಿ ರಾಶಿ ಹಾಕಿಟ್ಟದ್ದನ್ನು ಯಾರೂ ಆಪದ್ಧನವೆಂದು ಕರೆಯುವುದಿಲ್ಲ.

ಪರಾಧೀನತೆಯ ಪ್ರಶ್ನೆಯೂ ಇದೆ. ೨೦೨೩ರ ನವೆಂಬರಿನಲ್ಲಿ ವಿಎಂವೇರ್ ಸಂಸ್ಥೆಯನ್ನು ಬ್ರಾಡ್‌ಕಾಮ್ ಕೊಂಡಿತು. ಪರವಾನಗಿಯ ಕ್ರಮ ಬದಲಾಗಿ ಜಗತ್ತಿನ ಅನೇಕ ಸಂಸ್ಥೆಗಳು ಏರಿದ ಬೆಲೆಯನ್ನು ಕಂಡು ಬೇರೆ ದಾರಿ ಹುಡುಕತೊಡಗಿದುವು. ೨೦೦೭ರಿಂದ ಲಿನಕ್ಸ್‌ನೊಳಗೆ ಸೇರಿರುವ ಕೆವಿಎಂ ಎಂಬ ಮುಕ್ತ ತಂತ್ರಾಂಶ ಅಂಥದೊಂದು ದಾರಿ. ನೀರಗಂಟಿಯ ಸಂಬಳವನ್ನು ದೂರದೇಶದ ಸಾಹುಕಾರ ನಿರ್ಧರಿಸುವಂತಾದರೆ ಕೆರೆ ನಮ್ಮದಾಗಿಯೂ ನೀರು ನಮ್ಮದಲ್ಲ.

ಹಾಗಾದರೆ ನಾವು ಕೇಳಬೇಕಾದುದೇನು? ಯಂತ್ರಗಳು ಎಂದೂ ಕೆಡಬಾರದೆಂದಲ್ಲ, ಅದು ಮೂಢತನ. ಕೇಳಬೇಕಾದುವು ಸರಳವಾದುವು. ಮೊದಲನೆಯದಾಗಿ, ಏನು ಕೆಟ್ಟಿದೆ, ಎಷ್ಟು ಹೊತ್ತಿಗೆ ಸರಿಹೋದೀತು ಎಂಬುದನ್ನು ಕಚೇರಿಯ ಹಲಗೆಯಲ್ಲಿ ಬರೆಯಬೇಕು. ಎರಡನೆಯದಾಗಿ, ಬಂದು ಬರಿಗೈಯಲ್ಲಿ ಹಿಂದಿರುಗುವವನಿಗೆ ದಿನಾಂಕ, ಗಂಟೆ, ಸರದಿಯ ಸಂಖ್ಯೆಗಳುಳ್ಳ ಒಂದು ಚೀಟಿ ಕೊಡಬೇಕು. ಅವನ ಹಕ್ಕನ್ನು ಆ ಗಳಿಗೆಯಿಂದಲೇ ಎಣಿಸಬೇಕು. ಮೂರನೆಯದಾಗಿ, ಕೊನೆಯ ದಿನಾಂಕವಿರುವ ಕಡೆ ಯಂತ್ರ ನಿಂತಷ್ಟು ಹೊತ್ತನ್ನು ಅವಧಿಗೆ ಸೇರಿಸಬೇಕು. ನಾಲ್ಕನೆಯದಾಗಿ, ಪ್ರತಿಯೊಂದು ದತ್ತಾಂಶಕ್ಕೂ ಬೇರೊಂದು ಊರಿನಲ್ಲಿ ಪ್ರತಿಯಿರಬೇಕು; ಆ ಪ್ರತಿಯಿಂದ ಕೆಲಸ ನಡೆಸುವ ಅಭ್ಯಾಸವನ್ನು ವರ್ಷಕ್ಕೊಮ್ಮೆಯಾದರೂ ಮಾಡಿ, ಫಲವನ್ನು ಪ್ರಕಟಿಸಬೇಕು.

ಕೈಚೀಟಿಯೆಂದರೆ ಮತ್ತೆ ಅಕ್ರಮಕ್ಕೆ ಬಾಗಿಲು ತೆರೆದಂತೆ ಎಂದು ಅಧಿಕಾರಿಗಳು ಹೇಳಬಹುದು. ಆ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಹಳೆಯ ಕಡತದ ಕಾಲವನ್ನು ಕಂಡವರು ಅದನ್ನು ಮರೆತಿಲ್ಲ. ಆದರೆ ೨೦೨೪ರ ಫೆಬ್ರವರಿಯಲ್ಲಿ ರದ್ದಾದದ್ದು ಕೈಬರಹದ ಪಟ್ಟಿಯಲ್ಲ, ಗಣಕದ ಪಟ್ಟಿ. ಪ್ರಾಮಾಣಿಕತೆ ಕಾಗದದ ಗುಣವೂ ಅಲ್ಲ, ಯಂತ್ರದ ಗುಣವೂ ಅಲ್ಲ. ಕೇಳುವವರಿಗೆ ಲೆಕ್ಕ ಒಪ್ಪಿಸುವ ವ್ಯವಸ್ಥೆಯ ಗುಣ.

ಕಿಟಕಿಯ ಹಿಂದಿನ ತರುಣನ ಮೇಲೆ ನನಗೆ ಕೋಪವಿಲ್ಲ. ಏನು ಕೆಟ್ಟಿದೆಯೆಂಬುದನ್ನು ಅವನಿಗೂ ಯಾರೂ ತಿಳಿಸಿರುವುದಿಲ್ಲ. ಬೈಗುಳ ಮಾತ್ರ ಅವನ ಪಾಲಿನದು. ಕನ್ನಡದಲ್ಲಿ 'ಸರ್ವರ' ಎಂದರೆ ಎಲ್ಲರದು ಎಂದರ್ಥ. ಇಂಗ್ಲಿಷಿನಿಂದ ಬಂದ ಸರ್ವರಿಗೂ ಈ ಪದಕ್ಕೂ ನಂಟಿಲ್ಲವೆಂಬುದು ಭಾಷಾಶಾಸ್ತ್ರದ ಮಾತು. ನಂಟನ್ನು ಕಲ್ಪಿಸುವುದು ಆಡಳಿತದ ಕರ್ತವ್ಯ. ಹೆಗಲವಸ್ತ್ರದ ಆ ಹಿರಿಯರು ನಾಲ್ಕನೆಯ ದಿನವೂ ಬಂದಿರಬೇಕು. ಅವರು ಕೇಳಿದ ಪ್ರಶ್ನೆಗೆ ಉತ್ತರವನ್ನು ಮಾತ್ರ ನಾವಿನ್ನೂ ಕೊಟ್ಟಿಲ್ಲ.