ಬೆರಳು ತಡೆದುಕೊಳ್ಳುವ ವಿದ್ಯೆ

ಫೋಟೊಗ್ರಾಫರನಿಗೆ ವಿಡಿಯೊ ಬೇರೆ ವಿದ್ಯೆಯೋ, ಅದೇ ಕ್ಯಾಮೆರಾದ ಇನ್ನೊಂದು ಬಟನ್ನೋ? 2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂದ ಮೇಲೆ ಎರಡೂ ಒಂದೇ ಪೆಟ್ಟಿಗೆಯಲ್ಲಿ ಕೂತವು. ಮದುವೆ ಮನೆಯವರಿಗೂ ಧೈರ್ಯ ಬಂತು: ‘ಹೇಗೂ ಕ್ಯಾಮೆರಾ ಇದೆಯಲ್ಲ ಸಾರ್, ಸ್ವಲ್ಪ ವಿಡಿಯೊನೂ ಮಾಡಿಬಿಡಿ.’ ಪೆಟ್ಟಿಗೆ ಒಂದಾದ ಮಾತ್ರಕ್ಕೆ ಕಸುಬು ಒಂದಾಗುವುದಿಲ್ಲ.

ಇದನ್ನು ನಾನು ಕಲಿತದ್ದು ಮೈಸೂರಿನ ಗೋಕುಲಂನಲ್ಲಿ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗಕ್ಕೆಂದು ದೇಶವಿದೇಶದವರು ಬರುವ ಬಡಾವಣೆ ಅದು. ಆಸನದ ಫೋಟೊ ಬೇಕೆನ್ನುವವರಿಗೆ ಬರವಿಲ್ಲ. ಜೋಯಿಸರ ಕ್ರಮದ ಮೊದಲ ಸೂರ್ಯನಮಸ್ಕಾರಕ್ಕೆ ಒಂಬತ್ತು ವಿನ್ಯಾಸ, ಎಲ್ಲವೂ ಉಸಿರಿನ ಲೆಕ್ಕದಲ್ಲಿ. ನಾಲ್ಕನೆಯದರಲ್ಲಿ ಕಾಲು ಹಿಂದಕ್ಕೆ ಹಾರುತ್ತದೆ. ಪಾದ ಇನ್ನೂ ನೆಲ ಮುಟ್ಟಿರದ ಆ ಗಳಿಗೆ ಫೋಟೊಕ್ಕೆ ಹಬ್ಬ, 1/500 ಸೆಕೆಂಡ್ ಸಾಕು. ವಿಡಿಯೊ ಕೇಳುವುದು ಮೂರರಿಂದ ಐದರವರೆಗಿನ ದಾರಿಯನ್ನು.

ಜೋಯಿಸರ ಗುರು ತಿರುಮಲೈ ಕೃಷ್ಣಮಾಚಾರ್ಯರ ‘ಯೋಗ ಮಕರಂದ’ 1934ರಲ್ಲಿ ಕನ್ನಡದಲ್ಲಿ ಬಂತು, ಆಸನಗಳ ಫೋಟೊ ಸಮೇತ. 1938ರಲ್ಲಿ ಅವರನ್ನೂ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರರನ್ನೂ ಫಿಲ್ಮಿನಲ್ಲಿ ಸೆರೆಹಿಡಿದರು. ಕೈ ಎಲ್ಲಿರಬೇಕೆಂದು ಪುಸ್ತಕ ನೋಡಿ ತಿದ್ದಿಕೊಳ್ಳಬಹುದು. ಅಲ್ಲಿಗೆ ಹೇಗೆ ಬಂತೆಂದು ತಿಳಿಯಲು ಫಿಲ್ಮೇ ಬೇಕು. ಅದೂ ಮೂಕಿ, ಉಸಿರಿನ ಸದ್ದಿಲ್ಲ. ಇಂದಿನವನಿಗೆ ಮೈಕಿನ ಪಾಠವೂ ಸೇರಿದ್ದು ಅದಕ್ಕೇ.

ಬೆಳಕು, ಚೌಕಟ್ಟು ಗೊತ್ತಿದ್ದವನಿಗೆ ವಿಡಿಯೊ ಅರ್ಧ ಬಂದಂತೆಯೇ ಅನ್ನುವ ಮಾತಿನಲ್ಲಿ ಹುರುಳಿದೆ. ಮೈಸೂರಿನವರೇ ಆದ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿ ‘ಕಾಗಜ್ ಕೆ ಫೂಲ್’ (1959) ಚಿತ್ರಕ್ಕೆ ಕನ್ನಡಿ ಹಿಡಿದು ಬಿಸಿಲನ್ನೇ ಸ್ಟುಡಿಯೊದೊಳಕ್ಕೆ ತಿರುಗಿಸಿದರು. ಆ ಬೆಳಕಿನ ಕೋಲು ಯಾವ ಫೋಟೊಗ್ರಾಫರನಿಗೂ ಹೊಟ್ಟೆಕಿಚ್ಚು ತರಿಸುವಂಥದ್ದು. ಪಾತ್ರ ಅದರೊಳಕ್ಕೆ ಯಾವಾಗ ಬರಬೇಕು, ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದು ಉಳಿದರ್ಧ.

ಆ ಅರ್ಧಕ್ಕೆ ಪಳಗಿದ ಕೈಯೇ ಅಡ್ಡ ಬರುತ್ತದೆ. ಸೆಕೆಂಡಿಗೆ 25 ಫ್ರೇಮ್ ಇಟ್ಟರೆ ಶಟರ್ 1/50ಕ್ಕೆ ಕಟ್ಟಿಹಾಕಬೇಕು, ಏರಿಸಿದರೆ ಚಲನೆ ಕತ್ತರಿಸಿದಂತೆ ಕಾಣುತ್ತದೆ. ಬಿಸಿಲು ಜೋರಾದರೆ ಲೆನ್ಸಿಗೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಬೇಕು. ಇಷ್ಟು ಒಂದು ವಾರದಲ್ಲಿ ಬರುತ್ತದೆ. ಬರದಿದ್ದದ್ದು ತಾಳ್ಮೆ. ನನ್ನ ಮೊದಲ ವಿಡಿಯೊಗಳೆಲ್ಲ ಎರಡೆರಡು ಸೆಕೆಂಡಿನವು. ‘ಸಿಕ್ಕಿತು’ ಅನ್ನಿಸಿದ ಕೂಡಲೇ ಬೆರಳು ನಿಲ್ಲಿಸಿಬಿಡುತ್ತಿತ್ತು.

ಹಾಗಾಗಿ ಕಲಿಯಬೇಕು, ಆದರೆ ‘ಅದೂ ಒಂದಿರಲಿ’ ಎಂದಲ್ಲ. ಧಾರೆಯ ಹೊತ್ತಿಗೆ ಒಬ್ಬನೇ ಎರಡೂ ಮಾಡಲಾರ. ನೀರಿನ ಎಳೆ ಫಳಕ್ಕೆಂದು ಹೊಳೆದ ಗಳಿಗೆ ಒಬ್ಬನ ಪಾಲು. ಅದು ಬೀಳುತ್ತಿರುವಷ್ಟು ಹೊತ್ತೂ ಹುಡುಗಿಯ ತಾಯಿಯ ಮುಖ ಇನ್ನೊಬ್ಬನ ಪಾಲು.