ಗುಡ್ಡದ ಕಲ್ಲು ಕಡಲಿಗೆ, ಹೊಳೆಯ ಮರಳು ಪೇಟೆಗೆ

ಬೈಂದೂರು-ಕುಂದಾಪುರದ ಕರಾವಳಿಯಲ್ಲಿ ವರ್ಷವರ್ಷವೂ ಒಂದು ವಿಚಿತ್ರ ವ್ಯವಹಾರ ನಡೆಯುತ್ತಿದೆ. ಗುಡ್ಡಗಳನ್ನು ಸಿಡಿಸಿ ತೆಗೆದ ಬಂಡೆಗಳು ಲಾರಿಗಳಲ್ಲಿ ಪಡುವಣಕ್ಕೆ ಇಳಿದು ಕಡಲಿನ ಅಂಚಿಗೆ ಬೀಳುತ್ತವೆ. ಹೊಳೆಗಳ ಒಡಲಿನಿಂದ ಬಗೆದ ಮರಳು ಇನ್ನಷ್ಟು ಲಾರಿಗಳಲ್ಲಿ ಪೇಟೆಗಳ ಕಡೆಗೆ ಹೊರಡುತ್ತದೆ. ಕಡಲಿಗೆ ಸಹಜವಾಗಿ ಸೇರಬೇಕಾದ ಮರಳನ್ನು ಕಸಿದುಕೊಂಡು, ಅದು ಎಂದೂ ಕೇಳದ ಕಲ್ಲನ್ನು ಅದರ ಬಾಯಿಗೆ ತುರುಕುವ ಈ ಕೆಲಸವನ್ನು ಸರ್ಕಾರಿ ಕಡತಗಳು ಕಡಲ್ಕೊರೆತ ತಡೆ ಕಾಮಗಾರಿ ಎಂದು ಕರೆಯುತ್ತವೆ. ಈ ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ಕಲ್ಲಿನ ತೂಕವಿರುತ್ತದೆ, ಸಾಗಾಟದ ದರವಿರುತ್ತದೆ. ಆ ತೀರವನ್ನೇ ನಂಬಿ ಬರುವ ಕಡಲಾಮೆಯ ಹೆಸರು ಮಾತ್ರ ಇರುವುದಿಲ್ಲ.

ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ, ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಜಾತಿಯ ಹೆಣ್ಣಾಮೆಗಳು ಈ ತೀರವನ್ನು ಏರಿ ಬರುತ್ತವೆ. ಅಲೆ ತಲುಪದ ಒಣಮರಳಿನಲ್ಲಿ ಹಿಂಗಾಲುಗಳಿಂದ ಗುಂಡಿ ತೋಡಿ, ಸುಮಾರು ನೂರು ಮೊಟ್ಟೆಗಳನ್ನಿಟ್ಟು, ಮುಚ್ಚಿ, ಹಿಂದಿರುಗಿ ನೋಡದೆ ಹೋಗುತ್ತವೆ. 45ರಿಂದ 60 ದಿನಗಳವರೆಗೆ ಆ ಮೊಟ್ಟೆಗಳಿಗೆ ಮರಳೇ ತಾಯಿ. ಮರಿ ಹೆಣ್ಣಾಗಬೇಕೋ ಗಂಡಾಗಬೇಕೋ ಎಂಬುದನ್ನು ನಿರ್ಧರಿಸುವುದೂ ಆ ಮರಳಿನ ಬಿಸಿಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಈ ಜೀವಿಗೆ ಮೊದಲನೆಯ ಅನುಸೂಚಿಯಲ್ಲಿ, ಅಂದರೆ ಹುಲಿ ಆನೆಗಳ ಸಾಲಿನಲ್ಲಿ ಸ್ಥಾನ ನೀಡಿದೆ. ಮೊಟ್ಟೆಯೊಂದನ್ನು ಕದ್ದವನು ಕಾನೂನಿನ ಕಣ್ಣಿನಲ್ಲಿ ಅಪರಾಧಿ. ಆದರೆ ಇಡೀ ತೀರದ ಮರಳನ್ನೇ ಇಲ್ಲವಾಗಿಸಿದವರು ಗುತ್ತಿಗೆದಾರರೆಂದೂ ಅಭಿವೃದ್ಧಿಯ ಹರಿಕಾರರೆಂದೂ ಸನ್ಮಾನಿತರಾಗುತ್ತಾರೆ!

ಕಡಲಾಮೆಯ ಬಗ್ಗೆ ಈ ಭಾಗದ ಜನರಿಗೆ ಕಾಳಜಿ ಇಲ್ಲವೆಂದಲ್ಲ. ಮೀನುಗಾರರಲ್ಲಿ ಅನೇಕರಿಗೆ ಅದು ಕೂರ್ಮಾವತಾರ. ಬಲೆಗೆ ಸಿಕ್ಕರೆ ಬಿಡಿಸಿ ಕೈಮುಗಿದು ಕಡಲಿಗೆ ಬಿಡುವ ಪದ್ಧತಿ ಇಂದಿಗೂ ಇದೆ. 2000ರ ದಶಕದಲ್ಲಿಯೇ ಕುಂದಾಪುರದ ಎಫ್‌ಎಸ್‌ಎಲ್ ಇಂಡಿಯಾ ಸಂಸ್ಥೆಯು ಮೀನುಗಾರರ ನೆರವಿನಿಂದ ಗೂಡು ಕಾಯುವ ಕೆಲಸಕ್ಕೆ ಇಳಿದಿತ್ತು. ಈಚಿನ ವರ್ಷಗಳಲ್ಲಿ ಕೋಡಿಯ ತೀರದಲ್ಲಿ ಸ್ಥಳೀಯರೂ ಅರಣ್ಯ ಇಲಾಖೆಯವರೂ ಸೇರಿ ಗೂಡುಗಳಿಗೆ ಬೇಲಿ ಕಟ್ಟಿ ಕಾವಲು ಕಾಯ್ದು ಮರಿಗಳನ್ನು ನೀರಿಗೆ ಬಿಟ್ಟಿದ್ದಾರೆ. ಇದು ಮೆಚ್ಚಬೇಕಾದ ಕೆಲಸ. ಆದರೆ ಮರಿ ಬಿಡುವ ದಿನ ಛಾಯಾಚಿತ್ರಕ್ಕೆ ನಿಂತವರು, ಆ ಮರಿಗಳಲ್ಲಿ ಬದುಕುಳಿದ ಹೆಣ್ಣು ಮುಂದೊಂದು ದಿನ ಮೊಟ್ಟೆಯಿಡಲು ಮರಳಿ ಬಂದಾಗ ಇಲ್ಲಿ ಮರಳು ಉಳಿದಿರುತ್ತದೆಯೇ ಎಂದು ಕೇಳಿಕೊಂಡಂತೆ ಕಾಣುವುದಿಲ್ಲ. ತೀರವನ್ನು ಕಳೆದುಕೊಂಡು ಮೊಟ್ಟೆಯನ್ನು ಕಾಯುವುದು ಊರು ಕೊಳ್ಳೆಹೋದ ಮೇಲೆ ಕೋಟೆಬಾಗಿಲು ಹಾಕಿದಂತೆ.

ಈ ಮರಳು ಬರುವುದೆಲ್ಲಿಂದ? ಬೈಂದೂರಿನಲ್ಲಿ ಘಟ್ಟದ ಗೋಡೆ ಕಡಲಿಗೆ ಬಹಳ ಸಮೀಪ ಬಂದು ನಿಂತಿದೆ. ಕೊಡಚಾದ್ರಿಯ ಮಗ್ಗುಲಿನಲ್ಲಿ ಹುಟ್ಟಿ ಕೊಲ್ಲೂರನ್ನು ಹಾದು ಬರುವ ಸೌಪರ್ಣಿಕೆ, ಅದರೊಡನೆ ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ನದಿಗಳು ಪಂಚಗಂಗಾವಳಿಯಾಗಿ ಗಂಗೊಳ್ಳಿಯಲ್ಲಿ ಕಡಲನ್ನು ಸೇರುತ್ತವೆ. ಘಟ್ಟದ ಬಂಡೆಯನ್ನು ಮಳೆ ಸವೆಸಿದ್ದನ್ನು ಹೊಳೆ ಹೊತ್ತು ತರುತ್ತದೆ. ಅಳಿವೆಯಲ್ಲಿ ಬಿದ್ದದ್ದನ್ನು ಅಲೆಗಳು ತೀರದುದ್ದಕ್ಕೂ ಹಂಚುತ್ತವೆ. ಮಳೆಗಾಲದ ಅಬ್ಬರದಲ್ಲಿ ಕಡಲು ತೀರದ ಮರಳನ್ನು ಎಳೆದೊಯ್ದು ಸ್ವಲ್ಪ ದೂರದ ನೀರಿನಡಿಯಲ್ಲಿ ದಿಬ್ಬವಾಗಿ ಇಡುತ್ತದೆ. ಆ ದಿಬ್ಬವೇ ದೊಡ್ಡ ಅಲೆಗಳ ರಭಸವನ್ನು ಮುರಿಯುತ್ತದೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ಮತ್ತೆ ದಡಕ್ಕೆ ತಂದು ಹಾಸುತ್ತವೆ. ಇದು ಕಡಲಿನ ಸಾಲ-ಮರುಪಾವತಿಯ ಲೆಕ್ಕ. ಘಟ್ಟದಿಂದ ಹೊಸ ಮರಳು ಬರುತ್ತಿರುವವರೆಗೆ ಈ ಲೆಕ್ಕ ಸರಿದೂಗುತ್ತದೆ.

ಆ ಬರವನ್ನೇ ಎರಡು ಕಡೆಗಳಲ್ಲಿ ಕಡಿಯಲಾಗಿದೆ. ಮೇಲೆ, ಹೊಸನಗರ ತಾಲ್ಲೂಕಿನಲ್ಲಿ ವಾರಾಹಿಗೆ ಮಾಣಿಯಲ್ಲಿ ಅಣೆಕಟ್ಟು ಎದ್ದಿದೆ. ಚಕ್ರಾ ನದಿಗೂ ಅಣೆಕಟ್ಟಾಗಿದೆ. ಅಣೆಕಟ್ಟು ನೀರನ್ನು ಮಾತ್ರವಲ್ಲ, ಮರಳನ್ನೂ ಹಿಡಿದಿಡುತ್ತದೆ. ಕೆಳಗೆ, ಅಷ್ಟಿಷ್ಟು ಉಳಿದು ಬಂದ ಮರಳು ಅಳಿವೆ ತಲುಪುವ ಮೊದಲೇ ದಕ್ಕೆಗಳ ಪಾಲಾಗುತ್ತದೆ. ಈ ವ್ಯವಹಾರದ ಹಿಂದಿರುವ ಶಕ್ತಿ ಎಂಥದ್ದೆಂಬುದನ್ನು ನಾಡು 2017ರ ಏಪ್ರಿಲ್ ತಿಂಗಳಲ್ಲಿ ಕಂಡಿತು. ವಾರಾಹಿ ತೀರದ ಕಂಡ್ಲೂರಿನಲ್ಲಿ ಅಕ್ರಮ ಮರಳುಗಾರಿಕೆಯನ್ನು ತಡೆಯಲು ರಾತ್ರಿ ಹೋದ ಉಡುಪಿಯ ಜಿಲ್ಲಾಧಿಕಾರಿ ಮತ್ತು ಕುಂದಾಪುರದ ಉಪವಿಭಾಗಾಧಿಕಾರಿಯವರ ಮೇಲೆಯೇ ಗುಂಪು ದಾಳಿ ಮಾಡಿತು. ಜಿಲ್ಲೆಯ ಅತ್ಯುನ್ನತ ಅಧಿಕಾರಿಗೇ ಇಲ್ಲದ ರಕ್ಷಣೆ ಮೂಕ ಆಮೆಗೆ ಎಲ್ಲಿಂದ ಬರಬೇಕು?

ಮರಳಿನ ದಾರಿ ಕಡಿದ ಮೇಲೆ ಉಳಿಯುವ ಮದ್ದೆಂದರೆ ಕಲ್ಲು. ಒಂದು ಮಗ್ಗುಲಿಗೆ ಕಡಲು, ಮತ್ತೊಂದು ಮಗ್ಗುಲಿಗೆ ಸೌಪರ್ಣಿಕೆ, ನಡುವೆ ಹೆದ್ದಾರಿ ಇರುವ ಮರವಂತೆಯನ್ನು ಕಾಣಲು ದೇಶದ ನಾನಾ ಕಡೆಗಳಿಂದ ಜನ ಬರುತ್ತಾರೆ. ಆ ಹೆದ್ದಾರಿಯನ್ನು ಉಳಿಸಲು ಅಲ್ಲಿ ಕಲ್ಲಿನ ಗೋಡೆ ಬಂತು; ಬಳಿಕ ಕಡಲಿನೊಳಕ್ಕೆ ಚಾಚಿದ ಕಲ್ಲಿನ ದಿಬ್ಬಗಳೂ ಬಂದವು. ಗೋಡೆಗೆ ಬಡಿದ ಅಲೆಯ ರಭಸ ಕರಗುವುದಿಲ್ಲ; ಹಿಂದಿರುಗುವಾಗ ಬುಡದ ಮರಳನ್ನು ತೋಡಿಕೊಂಡು ಹೋಗುತ್ತದೆ. ಗೋಡೆ ಮುಗಿಯುವ ಕಡೆಯಲ್ಲಿ ಕೊರೆತ ಹೊಸದಾಗಿ ಆರಂಭವಾಗುತ್ತದೆ. ಒಂದು ಊರಿಗೆ ಕಲ್ಲು ಬಿದ್ದ ವರ್ಷವೇ ಪಕ್ಕದ ಊರಿನ ಅರ್ಜಿ ಸಿದ್ಧವಾಗುವುದು ಇದರಿಂದಲೇ. ರಾತ್ರಿ ಮೊಟ್ಟೆಯಿಡಲು ಬಂದ ಆಮೆಯಾದರೋ ಬಂಡೆಗಳಿಗೆ ಎದೆಯೊಡ್ಡಿ ಹಿಂದಿರುಗಬೇಕು.

ಮನೆಯಂಗಳಕ್ಕೆ ಕಡಲು ನುಗ್ಗುವಾಗ ಆಮೆಯ ಮಾತೇಕೆ ಎಂದು ಕೆಲವರು ಕೇಳುತ್ತಾರೆ. ಕೇಳುವ ಹಕ್ಕು ಅವರಿಗಿದೆ. ತೆಂಗಿನ ಮರಗಳು ಒಂದೊಂದಾಗಿ ನೀರಿಗೆ ಉರುಳುವುದನ್ನು ಕಂಡ ಕುಟುಂಬಕ್ಕೆ ತತ್ತ್ವಬೋಧೆ ಮಾಡುವುದು ಕ್ರೌರ್ಯ. ಆದರೆ ಆ ಕುಟುಂಬ ಕಳೆದುಕೊಂಡದ್ದೂ ಆಮೆ ಕಳೆದುಕೊಂಡದ್ದೂ ಒಂದನ್ನೇ: ಮರಳಿನ ತೀರವನ್ನು. ದೋಣಿ ಎಳೆಯಲು, ಬಲೆ ಹರಡಲು, ಮೀನು ಒಣಗಿಸಲು, ಕೈರಂಪಣಿ ಎಳೆಯಲು ಮೀನುಗಾರನಿಗೆ ಬೇಕಾದದ್ದು ಆಮೆಗೆ ಬೇಕಾದ ಅದೇ ಮರಳು. ಆಮೆಯನ್ನೂ ಮೀನುಗಾರನನ್ನೂ ಎದುರಾಳಿಗಳಂತೆ ಚಿತ್ರಿಸುವುದು ಇಬ್ಬರ ಹಕ್ಕನ್ನೂ ಕಸಿದವರಿಗೆ ಮಾತ್ರ ಅನುಕೂಲ.

ನೆರೆಯ ಕೇರಳದಲ್ಲಿ ಇದಕ್ಕೆ ಕಣ್ತೆರೆಸುವ ನಿದರ್ಶನವಿದೆ. ಕೋಳಿಕ್ಕೋಡ್ ಜಿಲ್ಲೆಯ ಪಯ್ಯೋಳಿ ಬಳಿಯ ಕೊಳಾವಿಪ್ಪಾಲಂನಲ್ಲಿ ಮೀನುಗಾರ ಯುವಕರು 1992ರಲ್ಲಿ ಕಡಲಾಮೆಗಳ ಗೂಡು ಕಾಯತೊಡಗಿ, ‘ತೀರಂ ಪ್ರಕೃತಿ ಸಂರಕ್ಷಣ ಸಮಿತಿ’ಯನ್ನು ಕಟ್ಟಿದರು. ಅವರ ನಿಷ್ಠೆಯಲ್ಲಿ ಕೊರತೆಯಿರಲಿಲ್ಲ. ಆದರೆ ಅಳಿವೆಯಲ್ಲಿ ಮರಳುಗಾರಿಕೆ ನಡೆದು ತೀರ ಕೊರೆದುಹೋಯಿತು. ಬರುವ ಆಮೆಗಳು ಕಡಿಮೆಯಾದವು. ಮೊಟ್ಟೆ ಕಾಯಲು ಹೊರಟವರು ಕೊನೆಗೆ ಮರಳು ಕಾಯಲು ಹೋರಾಡಬೇಕಾಯಿತು. ಬೈಂದೂರು ಈ ಪಾಠವನ್ನು ತೀರ ಕಳೆದುಕೊಂಡ ಮೇಲೆಯೇ ಕಲಿಯಬೇಕೆಂಬ ನಿಯಮವೇನೂ ಇಲ್ಲ.

ಘಟ್ಟದ ಮೇಲಿನ ಹಳ್ಳಿಗಳಿಗೆ ಈ ವಿಚಾರ ದೂರದ್ದೆನಿಸಬಹುದು. 1983ರಲ್ಲಿ ಶಿರಸಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತರು. 1989ರಲ್ಲಿ ರಾಷ್ಟ್ರೀಯ ಮೀನುಗಾರರ ವೇದಿಕೆಯವರು ನೀರನ್ನು ಉಳಿಸಿ ಬದುಕನ್ನು ಉಳಿಸಿರೆಂದು ಸಾರುತ್ತ ಎರಡೂ ಕರಾವಳಿಗಳಿಂದ ಕನ್ಯಾಕುಮಾರಿಗೆ ನಡೆದರು. ಮಲೆನಾಡಿನ ಚಳವಳಿ ಕಾಡಿನ ಅಂಚಿನಲ್ಲಿ ನಿಂತಿತು, ಕರಾವಳಿಯ ಚಳವಳಿ ದಡದಲ್ಲಿ ನಿಂತಿತು. ಇವೆರಡನ್ನೂ ಜೋಡಿಸುವ ಹೊಳೆಯ ಪಾತ್ರ ಮಾತ್ರ ಕಾಯುವವರಿಲ್ಲದೆ ಉಳಿಯಿತು. ಮರಳಿನ ಲಾರಿ ಒಳನುಗ್ಗಿದ್ದು ಆ ತೆರವಿನಲ್ಲಿಯೇ.

ಕಾನೂನಿನ ಆಯುಧಗಳು ಜನರ ಕೈಯಲ್ಲಿಯೇ ಇವೆ. ಕರಾವಳಿ ನಿಯಂತ್ರಣ ವಲಯದಲ್ಲಿ ಮರಳುಗಾರಿಕೆ ನಿಷಿದ್ಧ; ದೋಣಿ ಸಂಚಾರಕ್ಕೆ ಅಡ್ಡಿಯಾಗುವ ದಿಬ್ಬಗಳನ್ನು ಸಾಂಪ್ರದಾಯಿಕ ಸಮುದಾಯದವರು ಯಂತ್ರವಿಲ್ಲದೆ ತೆಗೆಯಲು ಮಾತ್ರ ಅವಕಾಶವಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು; ಅದು ಕಾಗದದ ಮೇಲೆ ಮಾತ್ರ ಇದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಬೇಕು. ಯಾವ ದಕ್ಕೆಗೆ ಪರವಾನಗಿ ಇದೆ, ಎಷ್ಟು ಮರಳಿಗೆ ಇದೆ, ಯಾವ ಕ್ವಾರಿಯ ಕಲ್ಲು ಯಾವ ಗೋಡೆಗೆ ಹೋಯಿತು ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಬರೆಸಿಕೊಳ್ಳಬೇಕು. ಕ್ವಾರಿಯಿರುವ ಘಟ್ಟದ ಹಳ್ಳಿಯೂ ಗೋಡೆಯಿರುವ ಕಡಲಹಳ್ಳಿಯೂ ಒಂದೇ ಅರ್ಜಿಗೆ ಸಹಿ ಹಾಕಿದ ದಿನ ಆ ಕಾಗದಕ್ಕೆ ಬೇರೆಯೇ ತೂಕ ಬರುತ್ತದೆ.

ವಿದ್ಯಾರ್ಥಿಗಳಿಗೂ ಕೆಲಸವಿದೆ. ಶಿರೂರಿನಿಂದ ಕೋಡಿಯವರೆಗೆ ಆಯ್ದ ಗುರುತುಗಳಲ್ಲಿ ಹದಿನೈದು ದಿನಕ್ಕೊಮ್ಮೆ ನಿಂತು ತೀರದ ಅಗಲ ಅಳೆದು, ಅದೇ ಕೋನದಿಂದ ಚಿತ್ರ ತೆಗೆದಿಟ್ಟರೆ ಮೂರು ವರ್ಷಗಳಲ್ಲಿ ಯಾವ ಗುತ್ತಿಗೆದಾರನೂ ಅಲ್ಲಗಳೆಯಲಾಗದ ದಾಖಲೆ ಸಿದ್ಧವಾಗುತ್ತದೆ. ಗೂಡು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸುವುದು, ಗೂಡಿರುವ ಕಾಲದಲ್ಲಿ ದಡದ ಪ್ರಖರ ದೀಪಗಳನ್ನು ಆರಿಸುವಂತೆ ಪ್ರವಾಸಿಗೃಹಗಳನ್ನು ಒತ್ತಾಯಿಸುವುದು ಕೂಡ ಹೋರಾಟವೇ. ಮೊಟ್ಟೆಯೊಡೆದು ಬಂದ ಮರಿ ಕಡಲಿನ ಮಿನುಗನ್ನು ಅರಸಿ ನಡೆಯುತ್ತದೆ. ದೀಪಕ್ಕೆ ಮೋಸಹೋದರೆ ರಸ್ತೆಯ ಕಡೆಗೆ ನಡೆದು ಸಾಯುತ್ತದೆ.

ಕರ್ಕಾಟಕ ಅಮಾವಾಸ್ಯೆಯಂದು ಮರವಂತೆಯ ವರಾಹ ದೇವಸ್ಥಾನದ ಜಾತ್ರೆಗೆ ಬಂದವರು ಕಡಲಿನಲ್ಲಿಯೂ ಮೀಯುತ್ತಾರೆ, ಸೌಪರ್ಣಿಕೆಯಲ್ಲಿಯೂ ಮೀಯುತ್ತಾರೆ. ಹೊಳೆ ಬೇರೆಯಲ್ಲ, ಕಡಲು ಬೇರೆಯಲ್ಲ ಎಂಬ ತಿಳಿವು ಹಿರಿಯರ ಆಚರಣೆಯಲ್ಲಿತ್ತು. ಇಂದಿನ ಆಡಳಿತ ಹೊಳೆಯನ್ನು ಒಂದು ಇಲಾಖೆಗೂ ದಡವನ್ನು ಇನ್ನೊಂದಕ್ಕೂ ಆಮೆಯನ್ನು ಮತ್ತೊಂದಕ್ಕೂ ಹಂಚಿಕೊಟ್ಟು ಮೂರನ್ನೂ ಅನಾಥವಾಗಿಸಿದೆ. ಮುಂದಿನ ಗ್ರಾಮಸಭೆಗಳಲ್ಲಿ, ಘಟ್ಟದ ಮೇಲೂ ಕೆಳಗೂ, ಒಂದೇ ಠರಾವು ಮಂಡನೆಯಾಗಲಿ: ಹೊಳೆಯ ಮರಳು ಕಡಲಿಗೆ ಸೇರಲಿ, ಗುಡ್ಡದ ಕಲ್ಲು ಗುಡ್ಡದಲ್ಲಿಯೇ ಉಳಿಯಲಿ.