ಜಿಂಕೆಗೆ ಒಡ್ಡುವ ಆಮಿಷ

ಯಾವ ತಿನಿಸನ್ನಿಟ್ಟರೆ ಜಿಂಕೆಯು ಬೇಗನೆ ಬಳಿಗೆ ಬಂದೀತೆಂಬುದು ಬೇಟೆಗಾರರಲ್ಲಿ ಬಹುಕಾಲದಿಂದ ನಡೆದುಬಂದಿರುವ ಜಿಜ್ಞಾಸೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಮೆಕ್ಕೆಜೋಳ, ಸೇಬು, ಕ್ಯಾರೆಟ್ಟು ಮೊದಲಾದುವನ್ನು ಈ ಉದ್ದೇಶಕ್ಕಾಗಿಯೇ ಕಾಡಿನಲ್ಲಿ ಸುರಿಯುವ ರೂಢಿಯುಂಟು. ಅಲ್ಲಿ ಬೇಟೆಗೆ ಪರವಾನಗಿಯುಂಟು, ಋತುವಿನ ನಿಯಮವುಂಟು. ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಉತ್ತರ ಒಂದೇ: ಬೇಟೆಯ ಉದ್ದೇಶದಿಂದ ಯಾವ ತಿನಿಸನ್ನೂ ಇಡಕೂಡದು. ಇಷ್ಟು ಸರಳವಾದ ಮಾತನ್ನು ಸಂಪಾದಕೀಯದಲ್ಲಿ ಹೇಳಬೇಕೆ ಎಂದು ವಾಚಕರು ಕೇಳಬಹುದು. ಹೇಳಬೇಕಾಗಿದೆ, ಏಕೆಂದರೆ ಕೋವಿಯಿಂದ ಕೊಂದರೆ ಮಾತ್ರ ಬೇಟೆ, ಹಿಡಿ ಉಪ್ಪನ್ನೋ ಹೊರೆ ಸೊಪ್ಪನ್ನೋ ಇಟ್ಟು ಕಾದು ಕುಳಿತರೆ ಅದೇನೂ ಅಪರಾಧವಲ್ಲವೆಂಬ ಭಾವನೆ ವಿದ್ಯಾವಂತರಲ್ಲಿಯೂ ಇದೆ.

ಕೋಲಾರದ ಚಿನ್ನದ ಗಣಿಪ್ರದೇಶ ಮತ್ತು ಬಂಗಾರಪೇಟೆಯ ಸುತ್ತುಮುತ್ತಲಿನ ನಾಡಿಗೆ ಈ ವಿಷಯವು ವಿಶೇಷವಾಗಿ ಅನ್ವಯಿಸುತ್ತದೆ. ನಂದಿದುರ್ಗ, ಚಾಂಪಿಯನ್ ರೀಫ್, ಮೈಸೂರು ಗಣಿಗಳೆಂದು ಪ್ರಸಿದ್ಧವಾಗಿದ್ದ ಗಣಿಗಳು ಅಲ್ಲಿವೆ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬರುವವರೆಗೆ ಗಣಿಯ ಉಗಿಯಂತ್ರಗಳು ಉರಿಸಿದ ಸೌದೆಯಲ್ಲಿ ಸುತ್ತಣ ಕಾಡಿನ ಪಾಲು ಸಣ್ಣದಾಗಿರಲಿಲ್ಲ. ಒಂದು ಶತಮಾನಕ್ಕೂ ಮಿಗಿಲಾಗಿ ಚಿನ್ನವನ್ನು ಕೊಟ್ಟ ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. ಯಂತ್ರಗಳ ಸದ್ದು ಅಡಗಿದ ಆ ಬಯಲಿನ ಹುಲ್ಲಿನಲ್ಲಿ, ಸೈನೈಡು ದಿಬ್ಬಗಳ ಆಚೀಚೆಗೆ, ಕೃಷ್ಣಮೃಗಗಳು ಮೇಯುತ್ತವೆ. ದಕ್ಷಿಣಕ್ಕೆ ಕಾಮಸಮುದ್ರದ ಕುರುಚಲು ಕಾಡು ತಮಿಳುನಾಡಿನ ಗಡಿಯವರೆಗೆ ಹಬ್ಬಿದೆ. ಕೃಷ್ಣಮೃಗವು ವಾಸ್ತವದಲ್ಲಿ ಜಿಂಕೆಯಲ್ಲ, ಹುಲ್ಲೆ. ಜಿಂಕೆಯಂತೆ ಅದು ಕೊಂಬನ್ನು ಉದುರಿಸುವುದಿಲ್ಲ. ಆದರೆ ಜನರ ಬಾಯಲ್ಲಿ ಎರಡೂ ಜಿಂಕೆಯೇ, ಕಳ್ಳಬೇಟೆಗಾರನ ಕಣ್ಣಿಗೆ ಎರಡೂ ಮಾಂಸವೇ.

ಈ ಸೀಮೆಯಲ್ಲಿ ವರ್ಷವೆಲ್ಲ ಹರಿಯುವ ನದಿಯಿಲ್ಲ. ಬೇಸಗೆಯಲ್ಲಿ ಕಾಡಿನ ಹುಲ್ಲು ಒಣಗಿ ಕುಂಟೆಗಳು ಬತ್ತಿದಾಗ, ಹಸುರು ಉಳಿಯುವುದು ರೈತನ ಕೊಳವೆಬಾವಿಯ ಕೆಳಗೆ ಮಾತ್ರ. ಹಿಪ್ಪುನೇರಳೆಯ ತೋಟ, ಹುರುಳಿ, ಅವರೆ, ರಾಗಿಯ ಪೈರು, ಇವೇ ಆಗ ಮೃಗಗಳನ್ನು ಸೆಳೆಯುತ್ತವೆ. ಮೃಗಗಳ ರುಚಿ ಕಾಡಿನ ಸಮೀಪದಲ್ಲಿರುವವರಿಗೆ ತಿಳಿಯದ ಗುಟ್ಟಲ್ಲ. ನೆಲ್ಲಿಯ ಮರದ ಕೆಳಗೆ ಉದುರಿದ ಕಾಯಿಗೆ ಚುಕ್ಕೆ ಜಿಂಕೆ ಬರುತ್ತದೆ. ಕೋತಿಗಳು ಕೊಂಬೆಯಿಂದ ಕೆಡಹಿದ ಚಿಗುರಿಗೆ ಹಿಂಡೇ ಸೇರುತ್ತದೆ. ಸೊಪ್ಪುಸದೆಯಲ್ಲಿ ಸಾಲದಾಗುವ ಉಪ್ಪಿನಂಶಕ್ಕಾಗಿ ಚೌಳುಮಣ್ಣನ್ನು ನೆಕ್ಕಲು ದೂರದಿಂದ ನಡೆದುಬರುತ್ತದೆ. ನಿಸರ್ಗವು ಬದುಕಿಗೆಂದು ಕೊಟ್ಟ ಈ ಹಸಿವನ್ನೇ ಕುಣಿಕೆಯನ್ನಾಗಿ ಮಾಡಿಕೊಳ್ಳುವುದು ಆಮಿಷದ ಬೇಟೆಯ ಮರ್ಮ.

ಈ ವಿದ್ಯೆ ನಮ್ಮ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಯೆಯನ್ನು ರಾಜವಿನೋದಗಳಲ್ಲೊಂದಾಗಿ ಎಣಿಸಲಾಗಿದೆ. ಯಾವ ಮೀನಿಗೆ ಯಾವ ತಿನಿಸೆಂಬುದೂ ಅಲ್ಲಿ ವಿಸ್ತಾರವಾಗಿ ಬಂದಿದೆ. ಆದರೆ ಆ ಕಾಲದ ಅರಣ್ಯದ ವಿಸ್ತಾರವೇನು, ಇಂದಿನದೇನು! ಕಾಡು ಕಡಲಿನಂತಿದ್ದಾಗ ವಿನೋದವೆನಿಸಿದ್ದು, ಕಾಡು ಕೆರೆಯಷ್ಟಾದಾಗ ವಿನಾಶವೆನಿಸುವುದು. ಇದನ್ನು ಮನಗಂಡೇ ಮೈಸೂರು ಸಂಸ್ಥಾನದಲ್ಲಿ 1901ರಷ್ಟು ಹಿಂದೆಯೇ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ಸಂರಕ್ಷಣೆಗಾಗಿ ರೆಗ್ಯುಲೇಷನ್ ಜಾರಿಗೆ ಬಂದಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇನ್ನೂ ಸ್ಪಷ್ಟವಾಗಿದೆ. ಪರವಾನಗಿಯ ಮೇಲೆ ಬೇಟೆಗೆ ಅವಕಾಶವಿದ್ದ ಆ ದಿನಗಳಲ್ಲಿಯೂ, ಮೃಗಗಳು ಉಪ್ಪು ನೆಕ್ಕುವ ಜಾಗದಲ್ಲಾಗಲಿ ನೀರು ಕುಡಿಯುವ ತಾಣದಲ್ಲಾಗಲಿ ಕಾದು ಕುಳಿತು ಕೊಲ್ಲುವುದನ್ನು ಆ ಕಾಯಿದೆಯು ನಿಷೇಧಿಸಿತ್ತು. ಹಸಿದು ಬಂದುದನ್ನು, ಬಾಯಾರಿ ಬಂದುದನ್ನು ಹೊಡೆಯಬಾರದೆಂಬ ಧರ್ಮವು ಶಾಸನದಲ್ಲಿ ಸೇರಿದ್ದ ಬಗೆ ಇದು. 1991ರ ತಿದ್ದುಪಡಿಯಿಂದ ಪರವಾನಗಿಯ ಬೇಟೆಯೇ ನಿಂತಿತು. ಇದೆಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಕಾಯಿದೆಯ ಎರಡನೆಯ ಪ್ರಕರಣದಲ್ಲಿ ‘ಬೇಟೆ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ, ಕೊಲ್ಲುವುದು, ವಿಷವಿಡುವುದು, ಉರುಳೊಡ್ಡುವುದು, ಅಟ್ಟುವುದು ಇವುಗಳೊಡನೆ ಆಮಿಷವೊಡ್ಡುವುದೂ ಸೇರಿದೆ. ಅದಕ್ಕೆ ಮಾಡುವ ಪ್ರಯತ್ನವೂ ಸೇರಿದೆ. ಗುಂಡು ಹಾರದಿರಬಹುದು, ಮೃಗ ತಪ್ಪಿಸಿಕೊಂಡಿರಬಹುದು. ಆದರೂ ಅಪರಾಧವು ಪೂರ್ಣವಾಗಿರುತ್ತದೆ. ಕೃಷ್ಣಮೃಗವು ಒಂದನೆಯ ಅನುಸೂಚಿಯಲ್ಲಿರುವುದರಿಂದ ಅದನ್ನು ಬೇಟೆಯಾಡಿದವನಿಗೆ ಮೂರು ವರ್ಷಗಳಿಗೆ ಕಡಿಮೆಯಿಲ್ಲದ, ಏಳು ವರ್ಷಗಳವರೆಗಿನ ಸೆರೆವಾಸವುಂಟು.

ಕಾಯಿದೆಯ ಮಾತು ಹಾಗಿರಲಿ, ಆಮಿಷದ ತಿನಿಸು ಗುಂಡಿಗಿಂತ ಹೆಚ್ಚು ಜೀವಗಳನ್ನು ಬಲಿಗೊಳ್ಳಬಲ್ಲದು. ಜಿಂಕೆಯು ಮೆಲುಕು ಹಾಕುವ ಪ್ರಾಣಿ. ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಸೊಪ್ಪು ಹುಲ್ಲಿನ ನಾರಿಗೆ ಹೊಂದಿಕೊಂಡಿರುತ್ತವೆ. ಧಾನ್ಯವನ್ನೋ ಅನ್ನವನ್ನೋ ಒಮ್ಮೆಗೇ ಹೆಚ್ಚಾಗಿ ತಿಂದರೆ ಹೊಟ್ಟೆಯಲ್ಲಿ ಆಮ್ಲವು ಮಿತಿಮೀರಿ ಪ್ರಾಣಿಯು ಸಾಯುವುದುಂಟು. ಒಂದೇ ಜಾಗದಲ್ಲಿ ದಿನವೂ ಹಿಂಡು ಸೇರಿದರೆ ಒಂದರ ರೋಗ ಇನ್ನೊಂದಕ್ಕೆ ಅಂಟುತ್ತದೆ. ಅಮೆರಿಕದ ಮಿಷಿಗನ್ ರಾಜ್ಯದವರು ಇದನ್ನು ಕಷ್ಟದಿಂದ ಕಲಿತರು. 1990ರ ದಶಕದಲ್ಲಿ ಅಲ್ಲಿನ ಕಾಡುಜಿಂಕೆಗಳಲ್ಲಿ ದನಗಳ ಕ್ಷಯರೋಗವು ಹರಡಿದ್ದಕ್ಕೆ ತಿನಿಸಿನ ರಾಶಿಗಳ ಸುತ್ತ ಅವು ಗುಂಪುಗೂಡಿದ್ದೇ ಒಂದು ಕಾರಣವೆಂದು ಕಂಡುಬಂತು. ಜಿಂಕೆಗಳನ್ನು ಕೃಶಗೊಳಿಸಿ ಕೊಲ್ಲುವ ಮತ್ತೊಂದು ವ್ಯಾಧಿಯ ಭಯವೂ ಸೇರಿ, 2019ರಲ್ಲಿ ರಾಜ್ಯದ ಕೆಳಭಾಗದಲ್ಲೆಲ್ಲ ಆಮಿಷವಿಡುವುದನ್ನು ಅಲ್ಪಸ್ವಲ್ಪ ವಿನಾಯಿತಿಗಳೊಡನೆ ನಿಷೇಧಿಸಬೇಕಾಯಿತು. ಬೇಟೆಯು ನ್ಯಾಯಸಮ್ಮತವಾಗಿರುವ ನಾಡೇ ಇಷ್ಟು ಎಚ್ಚರವಹಿಸಿದ ಮೇಲೆ, ಮೃಗಗಳೂ ದನಕುರಿಗಳೂ ಒಂದೇ ಹುಲ್ಲನ್ನು ಮೇದು ಒಂದೇ ಕುಂಟೆಯ ನೀರು ಕುಡಿಯುವ ನಮ್ಮ ನಾಡು ಎಷ್ಟು ಎಚ್ಚರದಿಂದಿರಬೇಡ!

ಇನ್ನು ತಿನಿಸಿನೊಳಗೆ ಸಿಡಿಮದ್ದನ್ನು ಅಡಗಿಸಿಡುವ ದುಷ್ಟಪದ್ಧತಿಯ ವಿಚಾರ. ಕಾಡುಹಂದಿಗೆಂದು ಇಟ್ಟದ್ದನ್ನು ಜಿಂಕೆ ಕಚ್ಚಬಹುದು, ಮೇಯಲು ಹೋದ ಹಸು ಕಚ್ಚಬಹುದು, ಸೌದೆಗೆ ಹೋದ ಮಗು ಕೈಗೆತ್ತಿಕೊಳ್ಳಬಹುದು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಗಬ್ಬದ ಆನೆಯೊಂದು ಸಿಡಿಮದ್ದಿದ್ದ ತಿನಿಸನ್ನು ಕಚ್ಚಿ, ಬಾಯಿ ಛಿದ್ರವಾಗಿ, ನದಿಯ ನೀರಿನಲ್ಲಿ ನಿಂತು ಪ್ರಾಣಬಿಟ್ಟದ್ದನ್ನು ದೇಶವೆಲ್ಲ ಕಂಡು ಮರುಗಿತು. ಕಾಮಸಮುದ್ರದ ಕಾಡಿಗೂ ಗಡಿಯಾಚೆಯಿಂದ ಆನೆಗಳು ಬರುತ್ತವೆ. ಆಮಿಷಕ್ಕೆ ಕಣ್ಣಿಲ್ಲ; ಯಾರನ್ನು ಕೊಲ್ಲಬೇಕೆಂಬುದನ್ನು ಅದು ಆರಿಸಲಾರದು.

ರೈತನ ಮಾತನ್ನು ಇಲ್ಲಿ ಮರೆಯಲಾಗದು. ಸಾಲಮಾಡಿ ಬೆಳೆದ ಪೈರನ್ನು ಒಂದು ರಾತ್ರಿಯಲ್ಲಿ ಕಳೆದುಕೊಂಡವನಿಗೆ ದಯೆಯ ಉಪದೇಶವು ರುಚಿಸುವುದಿಲ್ಲ. ರುಚಿಸಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಬೆಳೆಹಾನಿಗೆ ಸರ್ಕಾರದ ಪರಿಹಾರವುಂಟು. ಆದರೆ ಅರ್ಜಿ, ಪಂಚನಾಮೆ, ಪಹಣಿಗಳ ಸುತ್ತಾಟದಲ್ಲಿ ದಿನ ಕಳೆದರೆ, ಮುನಿದ ರೈತನು ಕಳ್ಳಬೇಟೆಗಾರನಿಗೆ ಎದುರಾಡದೆ ಸುಮ್ಮನಾಗುವನು. ಆ ಮೌನವೇ ಕಾಡಿಗೆ ದೊಡ್ಡ ಅಪಾಯ. ಪರಿಹಾರವು ಬೇಗ ಕೈಸೇರಿದರೆ ಅದೇ ರೈತನು ಅರಣ್ಯ ಇಲಾಖೆಗೆ ಕಾವಲುಗಾರನಾಗುವನು.

ಆದರೆ ನಾವು ಮುಖ್ಯವಾಗಿ ಹೇಳಬೇಕಾದ್ದು ಪಟ್ಟಣಿಗರಿಗೆ. ಕಾಡಿನಲ್ಲಿ ಉಪ್ಪನ್ನಿಡುವವನು ಬಹುಮಟ್ಟಿಗೆ ಬಡವನು. ಆ ಕೆಲಸಕ್ಕೆ ಅವನನ್ನು ಎಳೆಯುವುದು ಪಟ್ಟಣದ ಹಣ. ಕಾಡುಮಾಂಸವು ಬಲಕಾರಿಯೆಂಬ ಮೌಢ್ಯದಿಂದಲೋ, ನೆಂಟರ ಮುಂದೆ ಮೆರೆಯುವ ಚಪಲದಿಂದಲೋ, ಬೆಲೆಯನ್ನು ಕೇಳದೆ ಕೊಳ್ಳುವ ಗೃಹಸ್ಥರು ಇರುವವರೆಗೆ ಉರುಳು ಒಡ್ಡುವ ಕೈಗಳಿಗೆ ಕೊರತೆಯಾಗದು. ಜಿಂಕೆಗೆ ಉಪ್ಪು ಆಮಿಷವಾದರೆ, ಉಪ್ಪನ್ನಿಡುವವನಿಗೆ ಈ ಗೃಹಸ್ಥರ ನೋಟುಗಳೇ ಆಮಿಷ. ಕಾನೂನಿನ ವಿರುದ್ಧ ಕೊಂದ ಮೃಗವು ಸರ್ಕಾರದ ಸ್ವತ್ತು. ಅದರ ಮಾಂಸವನ್ನು ಮನೆಯಲ್ಲಿಟ್ಟುಕೊಂಡವನು ತಾನು ಕೊಲ್ಲಲಿಲ್ಲವೆಂದು ಹೇಳಿ ಪಾರಾಗಲಾರನು. ಅಧಿಕಾರದಲ್ಲಿರುವ ಮಹನೀಯರ ಮನೆಗೆ ಇಂಥ ಮಾಂಸವು ಕಾಣಿಕೆಯಾಗಿ ಹೋದರಂತೂ, ಕಾಡಿನ ಕಾವಲುಗಾರನು ಯಾವ ಧೈರ್ಯದಿಂದ ಕೈಕೋಳ ತೊಡಿಸಿಯಾನು?

ಆದುದರಿಂದ ಅಧಿಕಾರಿವರ್ಗದವರು ಕೆಲವು ಕಾರ್ಯಗಳನ್ನು ತಡವಿಲ್ಲದೆ ಕೈಗೊಳ್ಳಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಆಮಿಷವೂ ಬೇಟೆಯೇ ಎಂಬುದನ್ನು ಗ್ರಾಮಪಂಚಾಯತಿಗಳಲ್ಲಿ ಕನ್ನಡದಲ್ಲಿಯೂ, ಗಡಿಯ ಹಳ್ಳಿಗಳಲ್ಲಿ ತೆಲುಗು ತಮಿಳುಗಳಲ್ಲಿಯೂ ಸಾರಬೇಕು. ಬೇಸಗೆಗೆ ಮುಂಚೆಯೇ ಕಾಡಿನೊಳಗಣ ಕುಂಟೆಗಳ ಹೂಳೆತ್ತಿಸಿ ನೀರಿನ ಆಸರೆ ಒದಗಿಸಬೇಕು. ಒಳಗೆ ನೀರು ಮೇವುಗಳಿದ್ದಷ್ಟೂ ಮೃಗವು ಹೊರಗಿನ ಆಮಿಷಕ್ಕೆ ಬೀಳುವುದು ಕಡಮೆ. ಬೆಳೆಹಾನಿಯ ಅರ್ಜಿಗಳ ಇತ್ಯರ್ಥಕ್ಕೆ ಗಡುವನ್ನು ಗೊತ್ತುಮಾಡಿ ಅದನ್ನು ಪಾಲಿಸಬೇಕು. ಮಾಂಸವನ್ನು ಮಾರಿದವನೊಡನೆ ಕೊಂಡವನ ಮೇಲೆಯೂ ಮೊಕದ್ದಮೆ ಹೂಡಬೇಕು.

ಜೀವಿಗಳಲ್ಲಿ ದಯೆ ತೋರುವುದು ಪ್ರಜೆಯ ಮೂಲಭೂತ ಕರ್ತವ್ಯವೆಂದು ನಮ್ಮ ರಾಜ್ಯಾಂಗವು 1976ರಿಂದ ವಿಧಿಸಿದೆ. ಅನ್ನವನ್ನಿಟ್ಟು ಕರೆದವರನ್ನು ಕಾಪಾಡುವುದು ಅದಕ್ಕಿಂತ ಬಹಳ ಹಳೆಯ ಕರ್ತವ್ಯ; ಉಂಡ ಮನೆಗೆ ದ್ರೋಹ ಬಗೆಯಬಾರದೆಂದು ಮಕ್ಕಳಿಗೆ ಕಲಿಸುವ ನಾಡು ಇದು. ಉಣಬಡಿಸಿದವನೇ ದ್ರೋಹ ಬಗೆಯುವುದನ್ನು ಈ ನಾಡು ಸಹಿಸಬಾರದು. ಭೂಮಿಯ ಒಡಲಿನ ಚಿನ್ನವು ತೀರಿತೆಂದು ಗಣಿಗಳನ್ನು ಮುಚ್ಚಿದ್ದಾಯಿತು. ಆ ನೆಲದ ಮೇಲೆ ಉಳಿದಿರುವ ಜೀವಸಂಪತ್ತನ್ನಾದರೂ ಹಿಡಿ ಉಪ್ಪಿನ ಬೆಲೆಗೆ ಕಳೆದುಕೊಳ್ಳದಿರುವ ವಿವೇಕವು ನಮ್ಮ ಜನಕ್ಕೂ ಸರ್ಕಾರಕ್ಕೂ ಇರುವುದೆಂದು ನಾವು ನಂಬುತ್ತೇವೆ.